ಯಾವ ದಾರಿಯಲ್ಲಿ ನಡೆಯೋದು?

ನಡೆಯೋದು ಅಂತ ತೀರ್ಮಾನವಾಗಿ ಎರಡು ತಿಂಗಳಾಯ್ತು. ಎಲ್ಲಿ ನಡೆಯೋದು ಅನ್ನೋದು ಮಾತ್ರ ಮೊನ್ನೆ ಮೊನ್ನೆಯವರೆಗೂ ಬಗೆಹರಿದಿರಲಿಲ್ಲ. ಈ ಎರಡು ತಿಂಗಳೂ ನಮ್ಮನೆ ಊಟದ ಮೇಜಿನ ಮೇಲೆ ಉಪ್ಪಿನಕಾಯಿ ಭರಣಿಯ ಪಕ್ಕ ಮ್ಯಾಪುಗಳು ಬಿದ್ದಿರುತ್ತಿದ್ದವು. ಯಾರಾದರೂ ಮನೆಗೆ ಬಂದರೆ ಅವರಿಗೂ ಒಂದು ಓಟು!

ವಿಷಯ ಇಷ್ಟೇ. ಮಗಳು ಮುಂದಿನ ಸೆಪ್ಟೆಂಬರಿಗೆ ಓದೋಕೆ ಅಂತ ಜರ್ಮನಿಗೆ ಹೋಗ್ತಾಳೆ. ಹೋದವರು ಯಾವಾಗ ಬರ್ತಾರೆ, ಬಂದರೂ ಎಷ್ಟು ದಿನ ಇರ್ತಾರೆ ಅನ್ನೋದು ನಿಮಗೂ ಗೊತ್ತು, ನನಗೂ ಗೊತ್ತು. ಅವಳೇ ಒಂದು ರಾತ್ರಿ, "ಅಪ್ಪಾ, ನಾವಿಬ್ರೇ ಎಲ್ಲಾದ್ರೂ ದೂರ ನಡ್ಕೊಂಡು ಹೋಗೋಣ" ಅಂದಳು. ಕಾರಲ್ಲಿ ಹೋದರೆ ನೀನು ಹಾಡು ಕೇಳ್ತೀಯ, ನಾನು ಮೊಬೈಲ್ ನೋಡ್ತೀನಿ, ನಡೆದರೆ ಮಾತಾಡಲೇಬೇಕಾಗುತ್ತೆ ಅನ್ನೋದು ಅವಳ ಲೆಕ್ಕ. ಕೂಡಿಟ್ಟ ರಜೆ ನನ್ನ ಹತ್ತಿರ ಮೂರು ವಾರಕ್ಕಾಗುವಷ್ಟಿದೆ. ನನಗೆ ಐವತ್ತೆರಡು. ನನ್ನ ಎಡ ಮೊಣಕಾಲಿಗೆ ಅರವತ್ತೆರಡು :)

ಕುಮಾರಪರ್ವತ, ಕೊಡಚಾದ್ರಿ ಎಲ್ಲ ಆಗಿದೆ. ಬೆಟ್ಟ ಹತ್ತಿ ಫೋಟೋ ತೆಗೆದು ಇಳಿಯೋದು ನನಗೆ ಬೇಡವಾಗಿತ್ತು. ಒಂದೂರಿಂದ ಇನ್ನೊಂದೂರಿಗೆ, ಅಲ್ಲಿಂದ ಮತ್ತೊಂದೂರಿಗೆ ಹೋಗಬೇಕು. ಮತ್ತೆ, ನಮಗಿಂತ ಮೊದಲು ಯಾರಾದರೂ ಯಾವುದೋ ಕಾರಣಕ್ಕೆ ನಡೆದ ದಾರಿಯಾಗಿರಬೇಕು. ಹಳೇ ದಾರಿ ಅಂದರೆ ಅದು ತಾನೇ? ಅಲ್ಲಿಂದ ಶುರುವಾಯ್ತು ನೋಡಿ ಗೊಂದಲ.

ಮಗಳ ಓಟು ಕಮಿನೋಗೆ. ಮಾರ್ಟಿನ್ ಶೀನ್ ನಟಿಸಿದ 2010ರ 'ದಿ ವೇ' ಸಿನಿಮಾ ನೋಡಿದವರಿಗೆಲ್ಲ ಹಿಡಿಯೋ ಹುಚ್ಚು ಇದು. ಸ್ಪೇನಿನ ವಾಯವ್ಯ ಮೂಲೆಯಲ್ಲಿರೋ ಸಾಂತಿಯಾಗೊ ದೆ ಕಾಂಪೊಸ್ತೆಲಾದ ಕೆಥೆಡ್ರಲ್ಲಿಗೆ ಸಾವಿರ ವರ್ಷಕ್ಕಿಂತ ಹಿಂದಿನಿಂದ ಯುರೋಪಿನ ಜನ ನಡೆದು ಹೋಗ್ತಿದ್ದರು. ಏಸುವಿನ ಶಿಷ್ಯ ಸಂತ ಜೇಮ್ಸನ ಸಮಾಧಿ ಅಲ್ಲಿದೆ ಅಂತ ನಂಬಿಕೆ. ದಾರಿಗಳು ಹಲವಾರಿವೆ. ಹೆಸರಾಗಿರೋದು ಫ್ರಾನ್ಸಿನ ಗಡಿಯಿಂದ ಪಿರೆನೀಸ್ ಬೆಟ್ಟ ದಾಟಿ ಬರೋ ಸುಮಾರು 780 ಕಿಲೋಮೀಟರಿನ ದಾರಿ. ಅದಕ್ಕೆ ಒಂದು ತಿಂಗಳ ಮೇಲೆ ಬೇಕು. ಮೂರು ವಾರದವರು ಮಧ್ಯದ ಯಾವುದಾದರೂ ಊರಿಂದ ಶುರು ಮಾಡಬಹುದು. ಕಡೇ 100 ಕಿಲೋಮೀಟರ್ ನಡೆದು, ದಾರಿಯುದ್ದಕ್ಕೂ ಪಾಸ್‌ಪೋರ್ಟಿನಂಥ ಪುಸ್ತಕದಲ್ಲಿ ಮುದ್ರೆ ಒತ್ತಿಸ್ಕೊಂಡು ಹೋದರೂ ಲ್ಯಾಟಿನ್ ಭಾಷೆಯ ಪ್ರಮಾಣಪತ್ರ ಸಿಗುತ್ತೆ. ಅದಕ್ಕೇ ಸುಮಾರು 115 ಕಿಲೋಮೀಟರ್ ದೂರದ ಸಾರಿಯಾ ಅನ್ನೋ ಊರಿಂದ ಹೊರಡೋರದ್ದೇ ದೊಡ್ಡ ಗುಂಪು.

ಓದ್ತಾ ಹೋದಂತೆ ನನಗೆ ಆಶ್ಚರ್ಯ ಆಗಿದ್ದು ಬೇರೆ. ಈ ದಾರಿ ಹೆಚ್ಚುಕಮ್ಮಿ ಸತ್ತೇಹೋಗಿತ್ತಂತೆ. ಒ ಸೆಬ್ರೇರೊ ಅನ್ನೋ ಬೆಟ್ಟದೂರಿನ ಪಾದ್ರಿ ಎಲಿಯಾಸ್ ವಲಿನ್ಯಾ ಅನ್ನೋರು ಹಳೇ ದಾರಿ ಹುಡುಕಿ, 1980ರ ದಶಕದಲ್ಲಿ ಹಳದಿ ಬಣ್ಣದ ಡಬ್ಬಿ ಹಿಡ್ಕೊಂಡು ಮರ, ಕಲ್ಲು, ಗೋಡೆ ಮೇಲೆಲ್ಲ ಬಾಣದ ಗುರುತು ಬರೀತಾ ಹೋದರು. 1987ರಲ್ಲಿ ಯುರೋಪಿನ ಸಾಂಸ್ಕೃತಿಕ ಮಾರ್ಗ ಅಂತಾಯ್ತು, 1993ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರ್ತು. 2024ರಲ್ಲಿ ಪ್ರಮಾಣಪತ್ರ ತಗೊಂಡವರೇ ಸುಮಾರು ಐದು ಲಕ್ಷ ಜನ! ಇಂಥಾ ಹಳೇ ದಾರಿಯನ್ನ ಒಂದು ಡಬ್ಬಿ ಬಣ್ಣ ಮತ್ತೆ ಎಬ್ಬಿಸಿತು ಅಂದರೆ... ಆ ಪಾದ್ರಿಗೊಂದು ನಮಸ್ಕಾರ.

ಕಮಿನೋ ವಿಷಯದಲ್ಲಿ ತಕರಾರು ಏನಿಲ್ಲ. ಹತ್ತಾರು ಕಿಲೋಮೀಟರಿಗೊಂದು ಯಾತ್ರಿಕರ ತಂಗುದಾಣ, ಒಂಟಿ ಹೆಣ್ಣುಮಕ್ಕಳೂ ಧೈರ್ಯವಾಗಿ ನಡೆಯೋ ದಾರಿ. ಖರ್ಚು ಮಾತ್ರ ವೀಸಾ, ವಿಮಾನ, ಊಟ, ವಸತಿ ಎಲ್ಲ ಸೇರಿ ಇಬ್ಬರಿಗೆ ನಾಲ್ಕು ಲಕ್ಷದ ಹತ್ತಿರ ಬರುತ್ತೆ ಅಂತ ನನ್ನ ಅಂದಾಜು. ಅವಳ ಓದಿನ ಸಾಲದ ಕಾಗದಗಳು ಅದೇ ಮೇಜಿನ ಇನ್ನೊಂದು ತುದಿಯಲ್ಲಿದ್ದವು.

ನನ್ನ ಮೊದಲ ಓಟು ಹೇಡ್ರಿಯನ್ ಗೋಡೆಗೆ. ಸ್ಕೂಲಲ್ಲಿ ಇತಿಹಾಸದ ಮೇಷ್ಟ್ರು ರೋಮ್ ಪಾಠ ಮಾಡಿದ್ದು ಇನ್ನೂ ಕಿವಿಯಲ್ಲಿದೆ. ಕ್ರಿ.ಶ. 122ರಲ್ಲಿ ರೋಮಿನ ಚಕ್ರವರ್ತಿ ಹೇಡ್ರಿಯನ್ ಬ್ರಿಟನ್ನಿನ ಉತ್ತರಕ್ಕೆ ಸಮುದ್ರದಿಂದ ಸಮುದ್ರಕ್ಕೆ ಗೋಡೆ ಕಟ್ಟಿಸಲು ಶುರು ಮಾಡಿದ. ರೋಮನ್ ಲೆಕ್ಕದಲ್ಲಿ 80 ಮೈಲಿ, ನಮ್ಮ ಲೆಕ್ಕದಲ್ಲಿ ಸುಮಾರು 117 ಕಿಲೋಮೀಟರ್. ಮೈಲಿಗೊಂದು ಪುಟ್ಟ ಕೋಟೆ, ಎರಡು ಕೋಟೆಗಳ ನಡುವೆ ಎರಡೆರಡು ಕಾವಲುಗೋಪುರ. ಗೋಡೆಯ ಗುಂಟ ಈಗ 135 ಕಿಲೋಮೀಟರಿನ ಕಾಲುದಾರಿ ಇದೆ, ಏಳೆಂಟು ದಿನದಲ್ಲಿ ಮುಗಿಸಬಹುದು. ಹತ್ತಿರದ ವಿಂಡೊಲಾಂಡ ಅನ್ನೋ ಕೋಟೆಯಲ್ಲಿ 1973ರಿಂದೀಚೆಗೆ ತೆಳು ಮರದ ಹಲಗೆ ಮೇಲೆ ಶಾಯಿಯಲ್ಲಿ ಬರೆದ ಪತ್ರಗಳು ಸಿಕ್ಕಿವೆ. ಒಬ್ಬ ಸಿಪಾಯಿಗೆ ಯಾರೋ ಕಾಲುಚೀಲ, ಒಳಚಡ್ಡಿ ಕಳಿಸಿದ ವಿಷಯ ಒಂದರಲ್ಲಿದೆ. ಇನ್ನೊಂದರಲ್ಲಿ ಅಧಿಕಾರಿಯ ಹೆಂಡತಿ ಗೆಳತಿಯನ್ನ ಹುಟ್ಟುಹಬ್ಬಕ್ಕೆ ಕರೆದಿದ್ದಾಳೆ. ಹತ್ತೊಂಬತ್ತು ಶತಮಾನದ ಹಿಂದಿನ ಹುಟ್ಟುಹಬ್ಬ! ನಾನಂತೂ ಅಲ್ಲೇ ಸೋತುಬಿಟ್ಟಿದ್ದೆ.

ಆದರೆ ಮಗಳು ಒಂದು ಮಾತು ಕೇಳಿದಳು. "ಗೋಡೆ ಹಳೇದು ಸರಿ. ದಾರಿ ಯಾವಾಗಿಂದು?" ನೋಡಿದರೆ ಆ ಕಾಲುದಾರಿ ಶುರುವಾಗಿದ್ದು 2003ರಲ್ಲಿ. ಅಂದರೆ ನಮ್ಮ ಮಗಳಿಗಿಂತ ಸ್ವಲ್ಪ ದೊಡ್ಡದು ಅಷ್ಟೇ. ರೋಮನ್ ಸೈನಿಕರು ಓಡಾಡಿದ ರಸ್ತೆ ಗೋಡೆಯ ಹಿಂದೆ ಬೇರೆ ಇತ್ತು. ಹದಿನೆಂಟನೇ ಶತಮಾನದಲ್ಲಿ ಇಂಗ್ಲಿಷರ ಸೇನೆಗೆ ರಸ್ತೆ ಬೇಕಾದಾಗ ಗೋಡೆಯ ಎಷ್ಟೋ ಭಾಗ ಕಿತ್ತು ಅದರ ಕಲ್ಲನ್ನೇ ಹಾಸಿಬಿಟ್ಟರು. ಮೇಲಾಗಿ ಈ ಗೋಡೆ ಕಟ್ಟಿದ್ದೇ ಒಂದು ಕಡೆಯವರು ಇನ್ನೊಂದು ಕಡೆ ಸುಮ್ಮನೆ ನಡ್ಕೊಂಡು ಹೋಗದ ಹಾಗೆ ಮಾಡೋಕೆ. ಅದರ ಉದ್ದಕ್ಕೂ ನಡೆದರೆ ಹಳೇ ವಸ್ತುವನ್ನ ಪಕ್ಕದಲ್ಲಿಟ್ಟುಕೊಂಡು ಹೊಸ ದಾರಿಯಲ್ಲಿ ನಡೆದ ಹಾಗೆ. ಗೋಡೆ ಇಳಿಯೋ ತಗ್ಗಿನಲ್ಲಿ ಒಂಟಿಯಾಗಿ ನಿಂತಿದ್ದ ಆ ಪ್ರಸಿದ್ಧ ಸಿಕಮೋರ್ ಮರವನ್ನ 2023ರ ಸೆಪ್ಟೆಂಬರಿನಲ್ಲಿ ಯಾರೋ ರಾತ್ರಿ ಹೋಗಿ ಕೊಯ್ದು ಕೆಡವಿದ್ದೂ ನೆನಪಿರಬಹುದು. ಇಬ್ಬರಿಗೆ ಶಿಕ್ಷೆಯೂ ಆಯ್ತು. ಅದನ್ನ ಓದಿದ ಮೇಲೆ ನನ್ನ ಉತ್ಸಾಹ ಸ್ವಲ್ಪ ಇಳೀತು.

ಜಪಾನಿನ ಕುಮಾನೊ ಕೋದೊ ನನ್ನ ಹೆಂಡತಿಯ ಓಟು. ಅವಳು ನಡೆಯೋಕೆ ಬರಲ್ಲ, ಓಟು ಮಾತ್ರ ಹಾಕ್ತಾಳೆ. ಕೀ ಪರ್ಯಾಯದ್ವೀಪದ ಕಾಡುಬೆಟ್ಟಗಳಲ್ಲಿ ದೇಗುಲದಿಂದ ದೇಗುಲಕ್ಕೆ ಹೋಗೋ ದಾರಿಗಳು, 2004ರಿಂದ ಯುನೆಸ್ಕೋ ಪಟ್ಟಿಯಲ್ಲಿವೆ. ಸಾವಿರ ವರ್ಷದ ಹಿಂದೆ ಗದ್ದುಗೆ ಬಿಟ್ಟ ಚಕ್ರವರ್ತಿಗಳು ಪರಿವಾರ ಕಟ್ಟಿಕೊಂಡು ಹೋಗ್ತಿದ್ದರು. ಗೊ-ಶಿರಕಾವ ಅನ್ನೋನು ಮೂವತ್ತಕ್ಕೂ ಹೆಚ್ಚು ಸಲ ಹೋಗಿದ್ದನಂತೆ. ದಾರಿಯಲ್ಲಿ ಬಿಸಿನೀರಿನ ಬುಗ್ಗೆಗಳಿವೆ. ಅದೇ ಅವಳ ಓಟಿನ ಕಾರಣ: "ಮೊಣಕಾಲಿಗೆ ಒಳ್ಳೇದು ರೀ." ಆದರೆ ಹೆಚ್ಚು ಜನ ನಡೆಯೋ ಭಾಗ, ತಕಿಜಿರಿಯಿಂದ ಹೊಂಗು ದೇಗುಲದವರೆಗೆ, 40 ಕಿಲೋಮೀಟರ್ ಆಸುಪಾಸು. ಎರಡು ಮೂರು ದಿನದಲ್ಲಿ ಮುಗಿದೇಹೋಗುತ್ತೆ. ಅಷ್ಟು ದೂರ ಹೋಗಿ ಅಷ್ಟು ಬೇಗ ಮುಗಿಸೋಕೆ ಮನಸ್ಸು ಬರಲಿಲ್ಲ.

ಇಷ್ಟೆಲ್ಲ ಆಗ್ತಿರುವಾಗ ಹಾವೇರಿಯಿಂದ ಕಾಕಾ ಬಂದರು. ಅವರು ಬಾಗಲಕೋಟೆ ಕಡೆಯ ಬೀಗರ ಜೊತೆ ಯುಗಾದಿಗೆ ಮೂರು ಸಲ ಶ್ರೀಶೈಲಕ್ಕೆ ನಡೆದು ಹೋದವರು. ಮ್ಯಾಪು, ಸ್ಲೀಪಿಂಗ್ ಬ್ಯಾಗು, ಶೂಗಳ ಪಟ್ಟಿ ಎಲ್ಲ ನೋಡಿ ಅವರು ಕೇಳಿದ್ದು ಒಂದೇ.

"ಅಲ್ಲೋ ತಮ್ಮಾ, ನಿಮಗ ಉಣ್ಣಾಕ ಯಾರ್ ನೀಡ್ತಾರ?"

ಹೋಟೆಲಿದೆ ಕಾಕಾ ಅಂದೆ.

"ಹೋಟೆಲ್ ಬ್ಯಾರೆ. ನಾವು ಹೋಗೂವಾಗ ಊರೂರಾಗ ಮಂದಿ ಕಾಯ್ಕೋತ ಕುಂತಿರ್ತಾರ. ರೊಟ್ಟಿ ನೀಡ್ತಾರ, ಕಾಲಿಗೆ ಎಣ್ಣಿ ತಿಕ್ತಾರ. ಅವರು ಬಾ ಅಂತಾರ ಅಂತ ನಾವು ಮುಂದ ಹೋಗ್ತೀವಿ."

ಇದನ್ನ ಕೇಳಿ ಮಗಳು, "ಕಾಕಜ್ಜ, ಕಮಿನೋದಲ್ಲೂ ಹಾಗೇ ಇದೆ" ಅಂತ ಅವರಿಗೆ ಪೂರ್ತಿ ಕತೆ ಹೇಳಿದಳು. ಅವರು ತಲೆದೂಗಿ ಕೇಳಿದರು. ಕಡೆಗೆ ನನ್ನ ಕಡೆ ತಿರುಗಿ, "ದೂರ ನಡೆಯೂದಾದ್ರ ನಮ್ಮ ಮಹಾದೇವಪ್ಪ ನಡೆದಾನಲ್ಲ, ಅಲ್ಲಿ ಯಾಕ ಹೋಗಬಾರದು?" ಅಂದರು.

ಮೈಲಾರ ಮಹಾದೇವಪ್ಪ! ಅಜ್ಜನ ಬಾಯಲ್ಲಿ ಚಿಕ್ಕಂದಿನಿಂದ ಕೇಳಿದ ಹೆಸರು. ಬ್ಯಾಡಗಿ ಹತ್ತಿರದ ಮೋಟೆಬೆನ್ನೂರಿನವರು. 1930ರ ದಂಡಿಯಾತ್ರೆಯಲ್ಲಿ ಗಾಂಧೀಜಿ ಜೊತೆ ಸಾಬರಮತಿಯಿಂದ ಹೊರಟ ತಂಡದಲ್ಲಿದ್ದ ಒಬ್ಬನೇ ಕನ್ನಡಿಗ. ಆಗ ಅವರಿಗೆ ಹದಿನೆಂಟು ವರ್ಷ. 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಪೊಲೀಸರ ಗುಂಡಿಗೆ ಬಲಿಯಾದಾಗ ಮೂವತ್ತೊಂದು. ಜೊತೆಗೆ ತಿರಕಪ್ಪ ಮಡಿವಾಳರ, ವೀರಯ್ಯ ಹಿರೇಮಠ ಇಬ್ಬರೂ ಹೋದರು. ಹಾವೇರಿ ರೈಲು ನಿಲ್ದಾಣಕ್ಕೆ ಇರೋದು ಅವರ ಹೆಸರೇ. ನಾವು ಊರಿಗೆ ಹೋದಾಗಲೆಲ್ಲ ಆ ಬೋರ್ಡಿನ ಕೆಳಗೇ ಇಳೀತೀವಿ.

ಆಮೇಲೆ ಒಂದು ವಾರ ನಾನು ದಂಡಿ ಬಿಟ್ಟು ಬೇರೆ ಏನೂ ಓದಲಿಲ್ಲ.

ಲೆಕ್ಕ ಹಾಕಿ ನೋಡಿ. ಮಾರ್ಚ್ 12ರ ಬುಧವಾರ ಬೆಳಿಗ್ಗೆ ಆರೂವರೆಗೆ ಹೊರಟು ಏಪ್ರಿಲ್ 5ಕ್ಕೆ ದಂಡಿ ಸೇರಿದರು. 241 ಮೈಲಿ, ಅಂದರೆ 388 ಕಿಲೋಮೀಟರ್. ಸೋಮವಾರ ಗಾಂಧೀಜಿಯ ಮೌನದ ದಿನ, ಅವತ್ತು ನಡಿಗೆ ಇಲ್ಲ. ಅಂಥಾ ಮೂರು ಸೋಮವಾರ ಕಳೆದರೆ ನಡೆದಿದ್ದು 22 ದಿನ. ದಿನಕ್ಕೆ ಹದಿನೇಳೂವರೆ ಕಿಲೋಮೀಟರ್. ಅದೂ ಬೆಳಿಗ್ಗೆ ಒಂದಷ್ಟು, ಸಂಜೆ ಒಂದಷ್ಟು, ಮಧ್ಯಾಹ್ನದ ಬಿಸಿಲಲ್ಲಿ ಒಂದೂರಲ್ಲಿ ವಿಶ್ರಾಂತಿ. ಕಮಿನೋದವರು ದಿನಕ್ಕೆ ಇಪ್ಪತ್ತಮೂರು ಇಪ್ಪತ್ತನಾಲ್ಕು ನಡೀತಾರೆ. ಅರವತ್ತು ದಾಟಿದ, ಸಂಧಿವಾತ ಇದ್ದ ಮನುಷ್ಯ ಹಾಕಿಕೊಂಡ ಲೆಕ್ಕ ಇದು. ಹತ್ತೋಕೆ ಕುದುರೆ ಇಟ್ಟಿದ್ದರೂ ಅದರ ಮೇಲೆ ಕೂರಲಿಲ್ಲ. ನನ್ನ ಮೊಣಕಾಲು ಇದನ್ನ ಓದಿ ಸಮಾಧಾನ ಪಟ್ಟಿತು.

ಕಾಕಾನ ಪ್ರಶ್ನೆಗೂ ಅಲ್ಲಿ ಉತ್ತರ ಇತ್ತು. ಉಣ್ಣಾಕ ಊರಿನವರೇ ನೀಡ್ತಿದ್ದರು, ಸಾದಾ ಊಟ ಸಾಕು ಅಂತ ಮೊದಲೇ ಹೇಳಿ ಕಳಿಸಿದ್ದರು. ಜನಸಂಖ್ಯೆ ಎಷ್ಟು, ಚರಕ ಎಷ್ಟು, ದನ ಎಷ್ಟು ಅಂತ ಪ್ರತಿ ಊರಿನ ಲೆಕ್ಕವನ್ನೂ ಕೇಳ್ತಿದ್ದರು. ಆದರೂ ಸಡಗರ ಜಾಸ್ತಿಯಾಯ್ತು. ಸೂರತ್ತಿನಿಂದ ಹಾಲು ಬಂತು, ರಾತ್ರಿ ದಾರಿಗೆ ಬೆಳಕಾಗಲಿ ಅಂತ ಕೂಲಿಯವರ ತಲೆ ಮೇಲೆ ಭಾರದ ದೀಪ ಹೊರಿಸಿದರು. ಮಾರ್ಚ್ 29ರಂದು ಭಟಗಾಮ್ ಅನ್ನೋ ಹಳ್ಳಿಯಲ್ಲಿ ಗಾಂಧೀಜಿ ಇದನ್ನೇ ಎತ್ತಿಕೊಂಡು ತಮ್ಮನ್ನೂ ಸೇರಿಸಿ ಎಲ್ಲರನ್ನೂ ತರಾಟೆಗೆ ತಗೊಂಡರು. ಬಡವರ ಹೆಸರಲ್ಲಿ ಉಪ್ಪಿಗೆ ಹೋರಾಡ್ತಾ ಬಡವರ ತಲೆ ಮೇಲೆ ದೀಪ ಹೊರಿಸೋದೇ ಅನ್ನೋದು ಅವರ ನೋವು. ನನಗೆ ಇಡೀ ಯಾತ್ರೆಯಲ್ಲಿ ಇಷ್ಟವಾದ ದಿನ ಉಪ್ಪು ಎತ್ತಿದ ಏಪ್ರಿಲ್ 6 ಅಲ್ಲ, ಇದು.

ಹಾಗಂತ ಮಗಳ ಮುಂದೆ ಭಾಷಣ ಮಾಡಿದೆ. ಅವಳು ಸಾವಧಾನವಾಗಿ ಕೇಳಿ ಮೂರು ಪ್ರಶ್ನೆ ಇಟ್ಟಳು.

ಮೊದಲನೇದು, ದಾರಿ ಈಗ ಹೇಗಿದೆ? ಹೆದ್ದಾರಿ. 2005ರಲ್ಲಿ 75ನೇ ವರ್ಷದ ಹೊತ್ತಿಗೆ ಪಾರಂಪರಿಕ ಮಾರ್ಗ ಅಂತ ಘೋಷಿಸಿದರು, ಅದು ರಾಷ್ಟ್ರೀಯ ಹೆದ್ದಾರಿ 228 ಆಯ್ತು, ಈಗಿನ ಸಂಖ್ಯೆ 64. ನಮ್ಮಲ್ಲಿ ಪರಂಪರೆ ಅಂದರೆ ಡಾಂಬರು! ಸ್ಪೇನಿನವರು ಬಾಣ ಬರೆದರು, ನಾವು ರಸ್ತೆ ಅಗಲ ಮಾಡಿದೆವು. ಥಾಮಸ್ ವೆಬರ್ ಅನ್ನೋ ಆಸ್ಟ್ರೇಲಿಯಾದವರು 1983ರಲ್ಲಿ ಈ ಹಾದಿ ಪೂರ್ತಿ ನಡೆದು 1997ರಲ್ಲಿ ಪುಸ್ತಕ ಪ್ರಕಟಿಸಿದರು. ಅವರು ನಡೆದಾಗ ದಂಡಿಯಾತ್ರೆಗೆ ಹೋದವರಲ್ಲಿ ಕೆಲವರು ಇನ್ನೂ ಬದುಕಿದ್ದರು. ಆ ಅವಕಾಶ ನಮಗಿಲ್ಲ.

ಎರಡನೇದು, ಬಿಸಿಲು. ಮಾರ್ಚ್ ಕೊನೆಯ ಭರೂಚ್, ಸೂರತ್ ಕಡೆಯ ಬಿಸಿಲು ಹೇಗಿರುತ್ತೆ ಅಂತ ಅಲ್ಲಿದ್ದವರನ್ನ ಕೇಳಿ. ಜೊತೆಗೆ, ಹೆದ್ದಾರಿ ಬದಿಯಲ್ಲಿ ಹೆಣ್ಣುಮಕ್ಕಳು ಶೌಚಕ್ಕೆ ಎಲ್ಲಿ ಹೋಗಬೇಕು? ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಗಂಡಸರು ಬರೆದ ಪ್ರವಾಸ ಕಥನಗಳಲ್ಲಿ ಈ ಪ್ರಶ್ನೆ ಬರೋದೇ ಇಲ್ಲ, ಗಮನಿಸಿದ್ದೀರಾ?

ಮೂರನೇದು ಗಟ್ಟಿ ಪ್ರಶ್ನೆ. "ಅಪ್ಪಾ, ಆ ತಂಡದಲ್ಲಿ ಹೆಂಗಸರು ಎಷ್ಟು ಜನ ಇದ್ರು?"

ಒಬ್ಬರೂ ಇಲ್ಲ.

ಗಾಂಧೀಜಿ ಬೇಕಂತಲೇ ಬೇಡ ಅಂದಿದ್ದರು. ಹಿಂದೂಗಳು ಹಸುವಿನ ಮೇಲೆ ಕೈ ಎತ್ತದ ಹಾಗೆ ಬ್ರಿಟಿಷರು ಹೆಂಗಸರ ಮೇಲೆ ಕೈ ಎತ್ತಲ್ಲ, ಅವರನ್ನ ಮುಂದಿಟ್ಟುಕೊಂಡು ಹೋಗೋದು ಹೇಡಿತನ ಅನ್ನೋ ಅರ್ಥದ ವಾದ ಅವರದ್ದು. ಮಗಳು ನಕ್ಕುಬಿಟ್ಟಳು. "ಹಸೂನಾ? ನಾನ್ಯಾಕೆ ಆ ದಾರೀಲಿ ನಡೀಬೇಕು ಹೇಳು." ಅವತ್ತು ರಾತ್ರಿ ದಂಡಿಯ ಮ್ಯಾಪು ಮಡಚಿ ಕಪಾಟಿನಲ್ಲಿಟ್ಟೆ. ಅವಳಿಗೆ ಜಾಗವೇ ಇರದಿದ್ದ ದಾರಿಗೆ ನಾನು ನನ್ನ ಅಜ್ಜನ ನೆನಪಿಗೋಸ್ಕರ ಅವಳನ್ನ ಎಳ್ಕೊಂಡು ಹೋಗೋದು ಯಾವ ನ್ಯಾಯ? ಕಮಿನೋನೇ ಆಗಲಿ, ದುಡ್ಡು ಹೇಗೋ ಹೊಂದಿಸೋಣ ಅಂದ್ಕೊಂಡೆ.

ಎರಡು ದಿನ ಬಿಟ್ಟು ಅವಳೇ ಮ್ಯಾಪು ತೆಗೆದಳು. ನನಗಿಂತ ಮುಂದಕ್ಕೆ ಓದಿದ್ದಳು. ಹೆಂಗಸರನ್ನ ಬಿಟ್ಟಿದ್ದಕ್ಕೆ ಆಗಲೇ ಗಲಾಟೆಯಾಗಿತ್ತು. ದಾದಾಭಾಯಿ ನವರೋಜಿಯವರ ಮೊಮ್ಮಗಳು ಖುರ್ಷೆದ್‌ಬೆನ್, ಮಾರ್ಗರೆಟ್ ಕಸಿನ್ಸ್ ಎಲ್ಲ ವಿರೋಧಿಸಿದರು. ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯ ನೇರ ಗಾಂಧೀಜಿ ಹತ್ತಿರವೇ ಹೋಗಿ ವಾದ ಮಾಡಿದರು. ಆಮೇಲೆ ಮುಂಬೈನಲ್ಲಿ ಉಪ್ಪು ಮಾಡಿ, ಷೇರು ಪೇಟೆಯೊಳಗೇ ನುಗ್ಗಿ ಮಾರಿದರು. ದಂಡಿಯ ಕಡಲ ತೀರದಲ್ಲಿ ಸರೋಜಿನಿ ನಾಯ್ಡು ಇದ್ದರು. ಅಲ್ಲಿಂದ ಮುಂದೆ ಊರೂರಲ್ಲಿ ಉಪ್ಪಿನ ಸತ್ಯಾಗ್ರಹಕ್ಕೆ ಹೆಂಗಸರು ಸಾವಿರಾರು ಸಂಖ್ಯೆಯಲ್ಲಿ ಬಂದರು. ಅವರನ್ನ ಬಿಟ್ಟಿದ್ದು ಆ 22 ದಿನದ ನಡಿಗೆಯಿಂದ ಮಾತ್ರ.

"ಸರಿ, ನಾನು ನಡೀತೀನಿ" ಅಂದಳು. "ತೊಂಬತ್ತು ಚಿಲ್ಲರೆ ವರ್ಷ ಲೇಟು, ಅಷ್ಟೇ ತಾನೇ?"

ಕಮಿನೋ ಜರ್ಮನಿಯಿಂದ ಹತ್ತಿರ, ಅದನ್ನ ಅವಳು ಯಾವಾಗ ಬೇಕಾದರೂ ನಡೀತಾಳಂತೆ, ಆಗ ನಾನು ಪಿಂಚಣಿ ದುಡ್ಡಲ್ಲಿ ಬರಬೇಕಂತೆ. ಈಗ ದಂಡಿ. ಆದರೆ ಶರತ್ತುಗಳು ಅವಳವು. ಮಾರ್ಚ್ ಬೇಡ, ಜನವರಿ. ಅಹಮದಾಬಾದಿನಿಂದ ನಡಿಯಾದ್, ಆನಂದ್ ತನಕ ಊರಿಗೆ ಊರು ಅಂಟಿಕೊಂಡು ಬೆಳೆದಿದೆ, ಆ ಭಾಗ ರೈಲಲ್ಲಿ. ಸಾಬರಮತಿ ಆಶ್ರಮ ನೋಡಿಕೊಂಡು, ನಡಿಯಾದಿನಲ್ಲಿ ತಂಡ ಒಂದು ರಾತ್ರಿ ತಂಗಿದ್ದ ಸಂತರಾಮ್ ಮಂದಿರಕ್ಕೆ ಹೋಗಿ, ಬೋರ್ಸದ್‌ನಿಂದ ಕಾಲ್ನಡಿಗೆ. ಜಂಬೂಸರ್, ಆಮೋದ್, ಭರೂಚ್, ಅಂಕಲೇಶ್ವರ, ಸೂರತ್, ನವಸಾರಿ, ದಂಡಿ. ಹೆದ್ದಾರಿಗೆ ಸಮನಾಗಿ ಹಳ್ಳಿ ದಾರಿ ಸಿಕ್ಕ ಕಡೆ ಹಳ್ಳಿ ದಾರಿಯೇ. ಕತ್ತಲಾದ ಮೇಲೆ ರಸ್ತೆಯಲ್ಲಿ ಇರಕೂಡದು. ಪ್ರತಿ ನಿಲುಗಡೆಗೂ ಶೌಚಾಲಯ ಇರೋ ಜಾಗ ಮೊದಲೇ ಗುರುತು ಹಾಕಬೇಕು, ಅದು ನನ್ನ ಕೆಲಸ! ಈಗ ದಿನಾ ರಾತ್ರಿ ಪೆಟ್ರೋಲ್ ಬಂಕು, ಶಾಲೆ, ಧರ್ಮಶಾಲೆ ಹುಡುಕ್ತಾ ಮ್ಯಾಪಿನ ಮೇಲೆ ಹಳದಿ ಚುಕ್ಕೆ ಇಡ್ತಾ ಕೂತಿರ್ತೀನಿ. ಬಣ್ಣ ಹಳದಿಯೇ ಇರಲಿ ಅಂದಿದ್ದು ಅವಳು.

ಇನ್ನೂ ಬಗೆಹರಿಯದ್ದು ಮಹಿ ನದಿ. ಕಂಕಾಪುರ ಅನ್ನೋ ಹಳ್ಳಿ ಹತ್ತಿರ ಗಾಂಧೀಜಿಯ ತಂಡ ರಾತ್ರಿ ಹೊತ್ತು, ಉಬ್ಬರದ ನೀರು ಕಾದು, ಮಂಡಿಯವರೆಗೆ ಕೆಸರಲ್ಲಿ ಇಳಿದು, ದೋಣಿಯಲ್ಲಿ ದಾಟಿತ್ತು. ಆ ಜಾಗ ನೋಡಲೇಬೇಕು ಅನ್ನೋದು ನನ್ನ ಆಸೆ. ನೋಡೋಣ, ದಾಟೋದು ಮಾತ್ರ ಸೇತುವೆ ಮೇಲೆ ಅನ್ನೋದು ಅವಳ ತೀರ್ಪು. ಸೋಮವಾರ ರಜೆ ಅನ್ನೋದನ್ನ ಮಾತ್ರ ಇಬ್ಬರೂ ಚರ್ಚೆಯಿಲ್ಲದೆ ಒಪ್ಪಿಕೊಂಡೆವು. ಮೌನವೂ ಇರುತ್ತಾ ಅಂತ ಕೇಳಿದೆ. "ಅದಕ್ಕಾದ್ರೆ ಮನೇಲೇ ಇರಬಹುದಿತ್ತಲ್ಲ" ಅಂದಳು.

ದಂಡಿಯಲ್ಲಿ 2019ರ ಜನವರಿ 30ರಂದು ತೆರೆದ ಸ್ಮಾರಕ ಇದೆ. ಗಾಂಧೀಜಿ ಮತ್ತು ಜೊತೆಗೆ ನಡೆದವರ ಆಳೆತ್ತರದ ಪ್ರತಿಮೆಗಳಿವೆ, ಒಟ್ಟು 80. ಅದರಲ್ಲಿ ಮಹಾದೇವಪ್ಪನವರು ಯಾವುದು ಅಂತ ಹುಡುಕಿ ಫೋಟೋ ತರಬೇಕು, ಇದು ಕಾಕಾ ಹೇಳಿರೋ ಕೆಲಸ. ಟಿಕೆಟ್ ಬುಕ್ ಆಯ್ತು ಅಂತ ಫೋನ್ ಮಾಡಿದಾಗ ಅವರು ಇನ್ನೊಂದನ್ನೂ ಸೇರಿಸಿದರು: ಖಟಿ ರೊಟ್ಟಿ, ಶೇಂಗಾ ಚಟ್ನಿಪುಡಿ ಮಾಡಿಸಿ ಕಳಿಸ್ತಾರಂತೆ, ಐದು ದಿನಕ್ಕಾಗುವಷ್ಟು. ಆಮೇಲಿನದ್ದು ಗುಜರಾತಿನವರು ನೋಡ್ಕೋತಾರ ಬಿಡು ಅಂದರು.